ಅಂಚಿನಾಚೆಯ ಹನ್ನೊಂದು ಹೆಸರು

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಗದಗಿನ ಬಸ್ ಡಿಪೊ ಎದುರು ಕಟ್ಟಿದ್ದ ಶ್ರದ್ಧಾಂಜಲಿ ಬ್ಯಾನರಿನಲ್ಲಿ ಸತ್ತವರು ಒಬ್ಬರು; ಕೆಳಗೆ ‘ದುಃಖತಪ್ತರು’ ಎಂದು ಅಚ್ಚಾಗಿದ್ದ ಹನ್ನೊಂದು ಹೆಸರುಗಳು ಬೇರೆ ಮನೆಯವರವು.

ಆ ಬ್ಯಾನರ್ ತಯಾರಾದದ್ದು ನನ್ನ ಮೇಲೆ. ನಾನು ನಲವತ್ಮೂರು ಇಂಚಿನ ಒಂದು ಟಿವಿ. ಈಗ ಕಂಪ್ಯೂಟರಿನ ಪರದೆಯಾಗಿ ದುಡಿಯುತ್ತೇನೆ.

ಒಂಬತ್ತು ವರ್ಷಗಳ ಹಿಂದೆ ಕಾರ್ಖಾನೆಯೊಂದರಲ್ಲಿ ನನ್ನನ್ನು ಜೋಡಿಸಿದರು. ಮೈತುಂಬ ಕೆಂಪು, ಹಸಿರು, ನೀಲಿ ತುಂಬಿಸಿ ಪರೀಕ್ಷಿಸಿದರು. ಒಬ್ಬ ಹೆಂಗಸು ಹನ್ನೆರಡು ಸೆಕೆಂಡು ನೋಡಿ ಚೀಟಿ ಅಂಟಿಸಿದಳು. ಅಲ್ಲಿಂದ ಹುಬ್ಬಳ್ಳಿಯ ಒಂದು ಲಾಡ್ಜಿನ ಹಜಾರಕ್ಕೆ ಹೋದೆ. ಏಳು ವರ್ಷ ಗೋಡೆಯ ಎತ್ತರದಲ್ಲಿ ದನಿ ಬಂದ್ ಮಾಡಿದ ಸುದ್ದಿ ತೋರಿಸಿದೆ. ಕೀಲಿಗಾಗಿ ಕಾಯುವವರು ಒಮ್ಮೆ ತಲೆಯೆತ್ತಿ ಮತ್ತೆ ತಮ್ಮ ಫೋನಿಗೆ ಇಳಿಯುತ್ತಿದ್ದರು. ಲಾಡ್ಜಿಗೆ ಬಣ್ಣ ಬಳಿಯುವಾಗ ನನ್ನನ್ನು ಇಳಿಸಿ ಹಳೆ ಸಾಮಾನಿನ ಅಂಗಡಿಗೆ ಕೊಟ್ಟರು. ರಿಮೋಟ್ ಅಲ್ಲೇ ಉಳಿಯಿತು. ಅಂಗಡಿಯಲ್ಲಿ ಒಂದು ವರ್ಷ ಗೋಡೆಗೆ ಮುಖಮಾಡಿ ನಿಂತಿದ್ದೆ.

ನನ್ನನ್ನು ಕೊಂಡವರು ಪ್ರಮೀಳಾ ಕಡಕೋಳ. ವಯಸ್ಸು ಐವತ್ತಾರು, ಮನೆಯಲ್ಲಿ ಒಬ್ಬರೇ. ಲಗ್ನಪತ್ರಿಕೆ, ಬ್ಯಾನರುಗಳನ್ನು ಮನೆಯಿಂದಲೇ ವಿನ್ಯಾಸ ಮಾಡಿಕೊಡುವುದು ಮೂವತ್ತು ವರ್ಷಗಳ ಉದ್ಯೋಗ. ಈಗ ನೇರ ನೋಡಿದ್ದೆಲ್ಲ ಅವರಿಗೆ ನಡುವೆ ಅಳಿಸಿದಂತೆ ಕಾಣುತ್ತಿತ್ತು. ಇದು ಗುಣವಾಗುವುದಿಲ್ಲ, ಅಕ್ಷರ ದೊಡ್ಡದಾದರೆ ಸದ್ಯಕ್ಕೆ ಕೆಲಸ ನಡೆದೀತು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಪ್ರಮೀಳಾ ಅವರು ಇದನ್ನು ಯಾರಿಗೂ ಹೇಳಲಿಲ್ಲ. ಕೆಲಸವೆಲ್ಲ ಬರುತ್ತಿದ್ದುದು ಚನ್ನವೀರ ಎಂಬವನ ಬ್ಯಾನರ್ ಅಂಗಡಿಯಿಂದ. ಅವನಿಗೆ ತಿಳಿದರೆ ಕೆಲಸ ನಿಲ್ಲುತ್ತದೆ ಎಂದು ಅವರ ಎಣಿಕೆ.

ಅವರು ನನ್ನಿಂದ ಒಂದು ಮೊಳ ದೂರದಲ್ಲಿ ಕೂರುತ್ತಿದ್ದರು. ಅಷ್ಟು ಹತ್ತಿರ ಯಾರೂ ನನ್ನೆದುರು ಕೂತಿರಲಿಲ್ಲ. ಒಂದೊಂದು ಅಕ್ಷರವನ್ನೂ ಮುಷ್ಟಿಯಷ್ಟು ಹಿಗ್ಗಿಸಿ, ಮುಖವನ್ನು ತುಸು ಎಡಕ್ಕೆ ತಿರುಗಿಸಿ, ಕಣ್ಣಿನ ಮಗ್ಗುಲಿನಿಂದ ಓದುತ್ತಿದ್ದರು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಆ ಕೋಣೆಯಲ್ಲಿ ಕೀಲಿಮಣೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಊಟದ ತಟ್ಟೆಯನ್ನೂ ನನ್ನೆದುರಿಗೇ ತಂದುಕೊಳ್ಳುತ್ತಿದ್ದರು. ನೋಡುವುದಕ್ಕೆ ನನ್ನಲ್ಲಿ ಆಗ ಏನೂ ಇರುತ್ತಿರಲಿಲ್ಲ.

ನನ್ನಲ್ಲೊಂದು ದೋಷವಿತ್ತು. ಒಳಗೆ ಬಂದ ಚಿತ್ರವನ್ನು ಕೊಂಚ ಹಿಗ್ಗಿಸಿ, ನಾಲ್ಕೂ ಅಂಚುಗಳನ್ನು ಚೌಕಟ್ಟಿನಾಚೆಗೆ ತಳ್ಳಿಬಿಡುತ್ತಿದ್ದೆ. ಟಿವಿಗಳಲ್ಲಿ ಇದು ಹಳೆಯ ರೂಢಿ. ಸುದ್ದಿ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಕಂಪ್ಯೂಟರಿಗೆ ಕೂಡಿಸಿದಾಗ ಅದನ್ನು ಸರಿಪಡಿಸಿಕೊಳ್ಳಬೇಕು. ಪರದೆಯ ಕೆಳಗಿನ ಪಟ್ಟಿ ಅರ್ಧವೇ ಕಾಣುತ್ತಿದ್ದುದನ್ನು ಪ್ರಮೀಳಾ ಅವರು ತಮ್ಮ ಕಣ್ಣಿನ ಕೊರತೆಯೆಂದುಕೊಂಡರು. ಇಲ್ಲ ಎನ್ನಲು ನನಗೆ ಬಾಯಿಲ್ಲ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಶ್ರದ್ಧಾಂಜಲಿ ಬ್ಯಾನರನ್ನು ಯಾರೂ ಹೊಸದಾಗಿ ಮಾಡುವುದಿಲ್ಲ. ಹಿಂದಿನವರ ಫೈಲು ತೆರೆದು ಫೋಟೊ, ಹೆಸರು, ತಾರೀಖು ಬದಲಿಸಿ, ಕೊನೆಗೆ ಕೆಳಗಿನ ಸಾಲಿಗೆ ಹೋಗಿ ಹಳೆಯ ಮನೆಮಂದಿಯನ್ನು ಅಳಿಸಿ ಹೊಸಬರನ್ನು ಬರೆಯುತ್ತಾರೆ. ಈ ಸಲ ಸತ್ತವರು ದ್ಯಾಮಣ್ಣ ಎಂಬ ನಿವೃತ್ತ ಕಂಡಕ್ಟರು. ಅವರಿಗೆ ಹೆಂಡತಿ ಮಕ್ಕಳು ಯಾರೂ ಇರಲಿಲ್ಲ. ಬ್ಯಾನರ್ ಮಾಡಿಸಿದವರು ಡಿಪೊದ ಗೆಳೆಯರು. ಬರೆಯಲು ಹೆಸರುಗಳಿಲ್ಲದ್ದರಿಂದ ಪ್ರಮೀಳಾ ಅವರು ಕೆಳಗಿನ ಸಾಲಿಗೆ ಹೋಗಲಿಲ್ಲ. ಕಳಿಸುವ ಮುಂಚೆ ಇಡೀ ಬ್ಯಾನರನ್ನು ನನ್ನ ತುಂಬ ಹರಡಿ, ಮುಖ ಅತ್ತಿತ್ತ ತಿರುಗಿಸಿ ಎರಡು ಸಲ ನೋಡಿದರು. ಆ ಸಾಲು ನನ್ನ ಅಂಚಿನ ಆಚೆಗಿತ್ತು.

ಮರುದಿನ, ಅಂದರೆ ಆ ಬುಧವಾರ, ಫೋನ್ ಮಾಡಿದವನು ಚನ್ನವೀರ. ಪ್ರಮೀಳಾ ಅವರು ಫೋನಿನ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. ಹೆಸರು ಅಚ್ಚಾದ ಮನೆಯವರು ಅಂಗಡಿಗೆ ಬಂದು ಕೂಗಾಡಿ ಹೋಗಿದ್ದರು. ಡಿಪೊದವರು ಬ್ಯಾನರ್ ಬಿಚ್ಚಿದ್ದರು.

“ದ್ಯಾಮಣ್ಣಗ ಹನ್ನೊಂದು ಮಂದಿ ಯಾವಾಗ ಹುಟ್ಟಿದ್ರು, ನಮಗೊಂದು ಪೇಢೆನೂ ಕೊಡಲಿಲ್ಲಲ್ಲ ಅಂತ ಅವ್ರ ದೋಸ್ತರು ನಗಾಕತ್ತಾರ್ರೀ ಅಕ್ಕಾರ,” ಎಂದ. ಅವನ ದನಿಯಲ್ಲಿ ನಗೆ ಇರಲಿಲ್ಲ.

ಹನ್ನೆರಡಕ್ಕೆ ಅವನೇ ಮನೆಗೆ ಬಂದ. ಅವನು ಕೂರುವ ಮೊದಲೇ ಪ್ರಮೀಳಾ ಅವರು ಹೇಳಿಬಿಟ್ಟರು.

“ತಪ್ಪು ನಂದು, ತಮ್ಮಾ. ನನಗ ನಡುವ ಕಾಣಂಗಿಲ್ಲ. ಆರು ತಿಂಗಳಾತು. ನಿನಗ ಹೇಳಿದ್ದಿಲ್ಲ.”

ಚನ್ನವೀರ ಅವರ ಕುರ್ಚಿಯಲ್ಲಿ ಕೂತು ಆ ಫೈಲು ತೆರೆದ. ಬ್ಯಾನರನ್ನು ನನ್ನ ತುಂಬ ಹರಡಿದ. ಮುಂದೆ ಬಾಗಿದ. ಹಿಂದೆ ಸರಿದ.

“ಅಕ್ಕಾರ, ನನಗೂ ಕಾಣವಲ್ದಲ್ರೀ.”

ನನ್ನ ಬೆನ್ನು ತಡವಿ ಗುಂಡಿಯೊಂದನ್ನು ಹುಡುಕಿ, ಚಿತ್ರದ ಅಳತೆ ಬದಲಿಸಿದ. ನಾಲ್ಕೂ ಅಂಚುಗಳು ಒಳಗೆ ಸರಿದವು. ಕೆಳಗೆ ಹನ್ನೊಂದು ಹೆಸರುಗಳು ಸಾಲಾಗಿ ಬಂದು ನಿಂತವು. ಅವನು ಅವನ್ನು ಗಟ್ಟಿಯಾಗಿ ಓದಿದ. ಇದು ಟಿವಿಯ ತಪ್ಪು, ನಿಮ್ಮದಲ್ಲ ಎಂದ.

“ಹಂಗಾರ ಇನ್ನ ಮ್ಯಾಲ ತಪ್ಪಾಗಂಗಿಲ್ಲ,” ಎಂದರು ಪ್ರಮೀಳಾ.

“ಹೂಂನ್ರೀ,” ಎಂದ ಚನ್ನವೀರ. ಅವನ ಕಣ್ಣು ಕುರ್ಚಿಗೂ ನನಗೂ ನಡುವಿನ ಆ ಒಂದು ಮೊಳ ಜಾಗದ ಮೇಲಿತ್ತು. ಚಹಾ ಕುಡಿದು ಹೋದ.

ಮರುವಾರ ಮೂರು ಫೈಲು ಬಂದವು. ಅದರ ಮುಂದಿನ ವಾರ ಒಂದು. ಆಮೇಲೆ ಬರಲಿಲ್ಲ. ಪ್ರಮೀಳಾ ಅವರು ಎಂದಿನಂತೆ ಹತ್ತಕ್ಕೆ ನನ್ನನ್ನು ಹಚ್ಚಿ ಎದುರು ಕೂರುತ್ತಿದ್ದರು. ನನ್ನಲ್ಲಿ ಈಗ ನಾಲ್ಕೂ ಅಂಚುಗಳಿದ್ದವು, ಖಾಲಿಯಾಗಿ. ಇಪ್ಪತ್ತು ದಿನ ಕಳೆದ ಮೇಲೆ ಅವರೇ ಚನ್ನವೀರನಿಗೆ ಫೋನ್ ಮಾಡಿ ಕೇಳಿದರು.

“ನಿಮ್ಮ ಕಣ್ಣಿಗೆ ತ್ರಾಸ ಕೊಡಬಾರದಂತ, ಅಕ್ಕಾರ. ಆರಾಮ ಇರ್ರಿ,” ಎಂದ ಅವನು. ಅವನ ಮಾತಿನಲ್ಲಿ ನಿಜವಾದ ಕಾಳಜಿ ಇತ್ತು. ಪ್ರಮೀಳಾ ಅವರು ಫೋನ್ ಕೆಳಗಿಟ್ಟರು.

ನನಗೂ ವಯಸ್ಸಾಗಿದೆ. ಬಲಮೂಲೆಯಲ್ಲಿ ಬೆಳಕು ಮಂಕಾಗಿದೆ. ಇಷ್ಟು ವರ್ಷಗಳಲ್ಲಿ ನನ್ನನ್ನು ನೋಡಿದವರು ಸಾವಿರಾರು ಮಂದಿ, ಓದಿದವರು ಇವರೊಬ್ಬರೇ. ಇವರ ಕೆಲಸವನ್ನು ಕೆಡಿಸಿದ್ದೂ ನಾನೇ. ನನ್ನ ತಪ್ಪು ಬಯಲಾಗುವ ಹೊತ್ತಿಗೆ ಅವರ ಗುಟ್ಟು ಹೊರಬಿದ್ದಿತ್ತು. ಚಿತ್ರದ ಅಳತೆಯನ್ನು ಗುಂಡಿ ಒತ್ತಿ ಸರಿಮಾಡಬಹುದು, ಹೇಳಿದ ಮಾತನ್ನು ಹಾಗೆ ಹಿಂದಕ್ಕೆ ತರಲಾಗುವುದಿಲ್ಲ.

ಸೋಮವಾರ ಪ್ರಮೀಳಾ ಅವರು ಬೇರೆ ಮೂರು ಮುದ್ರಣಾಲಯಗಳಿಗೆ ಫೋನ್ ಮಾಡಿ ಕೆಲಸ ಕೇಳಿದರು. ಕಣ್ಣಿನ ಮಾತು ಎತ್ತಲಿಲ್ಲ. ಗುರುವಾರ ಹನ್ನೊಂದೂವರೆಗೆ ಅವುಗಳಲ್ಲಿ ಒಂದರಿಂದ ಫೈಲು ಬಂತು. ಗೃಹಪ್ರವೇಶದ ಆಮಂತ್ರಣ, ಒಂದೇ ಪುಟ.