ನೋಡೋಣ ಅಂದವರ ಲೆಕ್ಕ

“ಇವರು ಹೂಂ ಅಂದ್ರೋ, ಉಹೂಂ ಅಂದ್ರೋ?”

ಹೆಡ್‌ಫೋನ್ ಹಾಕಿಕೊಂಡಿದ್ದ ಅವಳು ಗಟ್ಟಿಯಾಗಿಯೇ ಕೇಳಿದಳು. ಊಟದ ಹೊತ್ತು, ಕಚೇರಿಯಲ್ಲಿ ಉತ್ತರ ಕೊಡಲು ಯಾರೂ ಇರಲಿಲ್ಲ.

ನಗರದಲ್ಲಿ ಹಾರುವ ಟ್ಯಾಕ್ಸಿ ಶುರುವಾದರೆ ಮುಂದೆ ಎಷ್ಟು ಜನ ಹತ್ತಿಯಾರು ಎಂದು ಅಂದಾಜು ಕಟ್ಟುವುದು ಅವಳ ಕೆಲಸ. ಫೋನಿನಲ್ಲಿ ಜನರನ್ನು ಕೇಳಿಯಾಗಿತ್ತು. ಉತ್ತರಗಳನ್ನು ವಿಂಗಡಿಸಿದ್ದು ಕಂಪ್ಯೂಟರು. ಅದರ ಪ್ರಕಾರ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದ್ದರು. ಅಂದಾಜು ಹಾಗೇ ಟ್ಯಾಕ್ಸಿ ಕಂಪನಿಯವರಿಗೆ ಹೋದರೆ ಆಸ್ಪತ್ರೆಯೆದುರಿನ ಬಸ್ ನಿಲ್ದಾಣ ಕೆಡವಿ, ಟ್ಯಾಕ್ಸಿ ಇಳಿಯುವ ಕಟ್ಟೆ ಕಟ್ಟುತ್ತಾರೆ. ಅವಳ ಅಕ್ಕ ಡಯಾಲಿಸಿಸ್‌ಗೆಂದು ಬಂದು ಇಳಿಯುವುದು ಅದೇ ನಿಲ್ದಾಣದಲ್ಲಿ.

ದನಿಗಳನ್ನು ಒಂದೊಂದಾಗಿ ಕೇಳುತ್ತ ಹೋದಳು. ಹೆಚ್ಚಿನವರು ಹೇಳಿದ್ದು ಒಂದೇ ಮಾತು: “ನೋಡೋಣ.” ಒಬ್ಬರದು ರಾಗ ಎಳೆದ ನೋಡೋಣ, ಒಬ್ಬರದು ಬಾಗಿಲು ಮುಚ್ಚಿಕೊಂಡಂಥದು. ಎಲ್ಲವೂ ಒಪ್ಪಿಗೆಯ ಸಾಲಿನಲ್ಲಿ ಕೂತಿದ್ದವು.

ತಡೆಯಲಾರದೆ ಅಕ್ಕನಿಗೇ ಫೋನು ಮಾಡಿದಳು. “ಅಕ್ಕಾ, ಹಾರೋ ಟ್ಯಾಕ್ಸಿ ಬಂದ್ರೆ ಹತ್ತುತ್ತೀಯಾ?”

“ನೋಡೋಣ ಬಿಡೇ.”

“ಅಂದ್ರೆ ಹತ್ತುತ್ತೀನಿ ಅಂತಾನಾ?”

“ನಿನ್ನ ತಲೆ! ಬಸ್ಸಿನ ಮೆಟ್ಟಿಲು ಹತ್ತೋಕೇ ಕಂಡಕ್ಟರ್ ಕೈ ಹಿಡೀಬೇಕು, ಇನ್ನು ಆಕಾಶ ಹತ್ತಲಾ? ಅಷ್ಟು ಆಸೆಯಿಂದ ಕೇಳ್ತಿದ್ದೀಯ, ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋದು ಹೇಗೆ?”

ಅವಳಿಗೆ ನಗು ಬರಲಿಲ್ಲ. ನೋಡೋಣಗಳನ್ನೆಲ್ಲ ತೆಗೆದು ಮತ್ತೆ ಕೂಡಿದಳು. ಬೇಡಿಕೆ ಕರಗಿ ಒಂದು ಹಿಡಿಯಾಯಿತು.

ಊಟ ಮುಗಿಸಿ ಬಂದ ಚಿಕ್ಕಪ್ಪ, ಕಚೇರಿಯ ಯಜಮಾನರೂ ಅವರೇ, ಪರದೆ ನೋಡಿ ಕುರ್ಚಿ ಎಳೆದುಕೊಂಡರು.

“ಇದೇನು ಪುಟ್ಟಿ, ಜನ ಎಲ್ಲಿ ಹೋದ್ರು?”

“ಅವರು ಬಂದೇ ಇರಲಿಲ್ಲ ಚಿಕ್ಕಪ್ಪ. ನೋಡೋಣ ಅಂದಿದ್ರು, ಅಷ್ಟೇ.”

“ಇವತ್ತು ಬೇಡ ಅಂದೋರು ನಾಳೆ ಹತ್ತಲ್ವಾ? ಮೊಬೈಲ್ ಬಂದಾಗಲೂ ಜನ ಹೀಗೇ ಅಂದಿದ್ರು.”

“ಹತ್ತಬಹುದು. ಆದ್ರೆ ಹತ್ತುತ್ತೀವಿ ಅಂತ ಅವರ ಬಾಯಲ್ಲಿ ನಾವು ಹೇಳಿಸೋ ಹಾಗಿಲ್ಲ.”

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿದರು. ಅಪ್ಪ ಹೋದ ಮೇಲೆ ಅಕ್ಕತಂಗಿಯರಿಬ್ಬರನ್ನೂ ಸಾಕಿದವರು ಅವರೇ.

“ಈ ಕೆಲಸ ತಪ್ಪಿದ್ರೆ ಕಚೇರಿಗೆ ಬೀಗ ಬೀಳುತ್ತೆ ಮಗಳೇ. ಹಳೇ ಅಂದಾಜಿಗೇ ಸಹಿ ಹಾಕಿಬಿಡು. ನಿಮ್ಮಕ್ಕನಿಗೆ ನಾನೇ ಕಾರು ಕಳಿಸ್ತೀನಿ.”

“ಅಲ್ಲಿ ಇಳಿಯೋ ಮಿಕ್ಕ ಕಾಯಿಲೆಯೋರಿಗೆ?”

ಅವರು ಪೆನ್ನನ್ನು ಅವಳತ್ತ ಸರಿಸಿದರು. ಅವಳು ಅದನ್ನು ಹಾಗೇ ಹಿಂದಕ್ಕೆ ಸರಿಸಿದಳು.

“ಇಲ್ಲ ಚಿಕ್ಕಪ್ಪ. ಸಹಿ ಹಾಕಲ್ಲ.”