ಒತ್ತಿ, ಬಿಡ್ರಿ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ವಾಡಿ ಊರಿನ ನೆಲಕ್ಕೆ ಹಾಸಿದ ಫರಸಿಕಲ್ಲು ಕಾದು ಬರಿಗಾಲಿಡಲು ಬಾರದ ಹೊತ್ತಿನಲ್ಲಿ, ದಪ್ಪ ಉಣ್ಣೆಯ ಕೋಟು ತೊಟ್ಟು, ಕೊರಳವರೆಗೂ ಗುಂಡಿ ಹಾಕಿಕೊಂಡು ನಡೆದುಬರುವ ಮನುಷ್ಯನನ್ನು ನೀವು ಕಂಡಿದ್ದರೆ ಅವರು ಗುರುಲಿಂಗಯ್ಯನವರೇ ಆಗಿರಬೇಕು. ನಮ್ಮ ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರದ ಆರೋಗ್ಯಕ್ಕಾಗಿ ಕಂಪ್ಯೂಟರ್ ಕೋಣೆಯನ್ನು ಸದಾ ತಂಪಾಗಿಡುತ್ತಿದ್ದರು. ಒಳಗಿನ ಚಳಿಗೆಂದು ತೊಟ್ಟ ಕೋಟನ್ನು ಹೊರಗೆ ಬಂದಾಗ ಕಳಚಬೇಕೆಂಬುದು ಅಲ್ಲಿ ಪ್ರೋಗ್ರಾಮು ಬರೆಯುತ್ತಿದ್ದ ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ಗೋಡೆಯ ಪಕ್ಕ ಹಿಡಿದು ನಡೆಯುವರು, ಎದುರಿಗೆ ಯಾರಾದರೂ ಬಂದರೆ ನಿಂತು, ಅವರು ದಾಟಿಹೋದ ಮೇಲೆ ಮತ್ತೆ ಹೆಜ್ಜೆ ಕೀಳುವರು. ಊಟವಾಯಿತೇ ಎಂದರೆ "ಆತು ಬಿಡ್ರಿ", ಆರಾಮೇ ಎಂದರೆ "ಅದೀವಿ ಬಿಡ್ರಿ". ಪಕ್ಕದ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತನಾಗಿದ್ದ ನನಗೆ ವರ್ಷಗಟ್ಟಲೆ ಅವರಿಂದ ದಕ್ಕಿದ ಸಂಭಾಷಣೆ ಹೆಚ್ಚುಕಡಿಮೆ ಇಷ್ಟೇ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಟರ್ಮಿನಲ್ ಎಂದರೆ ಆಗ ಕಪ್ಪು ಪರದೆ, ಹಸಿರು ಅಕ್ಷರ, ಮುಂದೊಂದು ಕೀಬೋರ್ಡು; ಚಿತ್ರಗಿತ್ರದ ಸೋಂಕಿಲ್ಲ. ಹೊಸದಾಗಿ ತರಿಸಿದ ಒಂದು ಟರ್ಮಿನಲ್ ಜೊತೆಗೆ ಉದ್ದ ಬಾಲದ ಮೌಸೊಂದು ಬಂತು. ಯಾರಿಗೂ ಬೇಡವಾಗಿ ಡಬ್ಬಿಯಲ್ಲೇ ಬಿದ್ದಿದ್ದ ಅದನ್ನು ಗುರುಲಿಂಗಯ್ಯನವರು ಎತ್ತಿಕೊಂಡು ಹೋದರು. ಅಕ್ಷರವನ್ನಷ್ಟೇ ಬಲ್ಲ ಪರದೆಗೆ ಕೈಯ ಚಲನೆಯನ್ನು ತಿಳಿಯಪಡಿಸುವುದು ಸುಲಭದ ಮಾತಲ್ಲ. ಇಂಥ ಸಾಲಿನ ಇಂಥ ಜಾಗದಲ್ಲಿ ಗುಂಡಿ ಒತ್ತಿದರು, ಇಂಥಲ್ಲಿ ಬಿಟ್ಟರು ಎಂಬ ಸುದ್ದಿಯೂ ಅಕ್ಷರಗಳ ವೇಷದಲ್ಲೇ ಒಳಗೆ ಹೋಗಬೇಕು, ಅದನ್ನು ಓದಿ ಅರ್ಥಮಾಡಿಕೊಳ್ಳುವ ಪ್ರೋಗ್ರಾಮನ್ನು ಯಾರಾದರೂ ಬರೆಯಬೇಕು. ಕೆಲಸ ಮುಗಿದಾಗ "ಇನ್ನು ಸುದ್ದಿ ಕಳಿಸಬೇಡ" ಎಂದು ಟರ್ಮಿನಲ್ಲಿಗೆ ಹೇಳಲು ಮರೆತರಂತೂ, ಮೌಸು ಅಲುಗಿದಾಗಲೆಲ್ಲ ಆ ಅಕ್ಷರಗಳು ಪರದೆಯ ಮೇಲೆ ಅರ್ಥವಿಲ್ಲದೆ ಉದುರುತ್ತಿದ್ದವು. ಕಸ ಗುಡಿಸಲು ಬಂದ ಜವಾನ ಜಟ್ಟೆಪ್ಪ ಒಂದು ಮುಂಜಾನೆ ಅದನ್ನು ನೋಡಿ, "ಅಯ್ಯೋರ, ನಿಮ್ಮ ಇಲಿ ಹಿಕ್ಕಿ ಹಾಕ್ಯಾದ ನೋಡ್ರಿ" ಎಂದ. ಗುರುಲಿಂಗಯ್ಯನವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈ ಖಟಪಟಿಯೆಲ್ಲ ಅಮೃತಮ್ಮನ ಸಲುವಾಗಿ. ಕಲ್ಲುಗಣಿಯಲ್ಲಿ ಗಂಡ ತೀರಿಕೊಂಡ ಮೇಲೆ ಆಕೆಗೆ ಲಾರಿ ತೂಕದ ಕಟ್ಟೆಯಲ್ಲಿ ಕೆಲಸ ಕೊಟ್ಟಿದ್ದರು. ಅಲ್ಲಿಗೂ ಟರ್ಮಿನಲ್ ಬರುವುದೆಂದಾದಾಗ ಸಮಸ್ಯೆ ಎದ್ದಿತು. ಆಕೆಗೆ ಇಂಗ್ಲಿಷಿನ ಗಂಧವಿಲ್ಲ, ಕೀಬೋರ್ಡಿನಲ್ಲಿ ಬೆರಳು ಓಡದು. ಓಡದಿದ್ದರೆ ಚೀಲ ತುಂಬುವ ಶೆಡ್ಡಿಗೆ ಹೋಗಬೇಕು, ಅಲ್ಲಿಯ ದೂಳು ಆಕೆಯ ಉಬ್ಬಸಕ್ಕೆ ವಿಷ. ಗುರುಲಿಂಗಯ್ಯನವರು ಪರದೆಯ ಮೇಲೆ ಅಕ್ಷರಗಳಿಂದಲೇ ಚೌಕಗಳನ್ನು ಕಟ್ಟಿದರು: ಖಾಲಿ ಲಾರಿಗೊಂದು, ತುಂಬಿದ್ದಕ್ಕೊಂದು, ರಸೀದಿಗೊಂದು. ಓದುವುದು ಬೇಡ, ಜಾಗ ನೆನಪಿದ್ದರೆ ಸಾಕು. ಕಲಿಸುವಾಗಲೂ ಅವರು ಮಾತಾಡಲಿಲ್ಲ. ತಾವು ಮಾಡಿ ತೋರಿಸುವರು, ಆಕೆ ನೋಡಿ ಮಾಡುವಳು. ವಾರದೊಳಗೆ ಕೈ ಕುದುರಿತು.

ಪರೀಕ್ಷೆಯ ದಿನ ಮ್ಯಾನೇಜರ್ ಹಣಮಂತರಾಯರು ಬಂದು ಆಕೆಯ ಬೆನ್ನ ಹಿಂದೆಯೇ ನಿಂತರು. ಅಮೃತಮ್ಮ ಚೌಕದ ಮೇಲೆ ಮೌಸಿನ ಗುರುತು ತಂದು ನಿಲ್ಲಿಸಿ ದಿಕ್ಕು ತೋಚದೆ ಕುಳಿತಳು. ದೂರದಲ್ಲಿ ನಿಂತಿದ್ದ ಗುರುಲಿಂಗಯ್ಯನವರು ಮೊದಲ ಬಾರಿಗೆ ಬಾಯಿಬಿಟ್ಟು, "ಒತ್ತಿ ಬಿಡ್ರಿ" ಎಂದರು.

ಒತ್ತಿ, ಆಮೇಲೆ ಬಿಡಿ ಎಂಬುದು ಅವರ ಭಾವ. ಆದರೆ ನಮ್ಮ ಕನ್ನಡದಲ್ಲಿ ತಿಂದುಬಿಡು ಎಂದರೆ ತಿನ್ನುವುದನ್ನು ಬಿಡು ಎಂದಲ್ಲವಲ್ಲ. ಹಿಂದುಮುಂದು ನೋಡದೆ ಬಲವಾಗಿ ಒತ್ತು ಎಂದೇ ಆಕೆಗೆ ಕೇಳಿಸಿತು. ಒತ್ತಿದಳು, ಉಗುರು ಬೆಳ್ಳಗಾಗುವ ಹಾಗೆ ಒತ್ತಿಯೇ ಹಿಡಿದಳು. ಬಿಟ್ಟ ಸುದ್ದಿ ಬರುವತನಕ ಪ್ರೋಗ್ರಾಮು ಅಲುಗುವಂತಿಲ್ಲ. ಪರದೆ ಸುಮ್ಮನಿತ್ತು.

"ಒತ್ತಿಬಿಡ್ರಿ ಅಮೃತಮ್ಮ" ಎಂದರು ಮತ್ತೆ.

"ಒತ್ತಾಕತ್ತೀನ್ರಿ ಅಯ್ಯೋರ, ಇನ್ನ ಎಷ್ಟ್ ಒತ್ತಲಿ?"

ಹಣಮಂತರಾಯರು ಗಡಿಯಾರ ನೋಡಿಕೊಂಡರು. "ಒತ್ತಿದ ಕೂಡ್ಲೇ ಕೆಲಸ ಆಗಬೇಕ್ರಿ. ಬಿಡೋತನಕ ಯಾರು ಕಾಯ್ತಾರ? ಸೋಮವಾರದೊಳಗ ಹಂಗ ಬದಲ ಮಾಡ್ರಿ. ಇಲ್ಲಾಂದ್ರ ಇದು ತೆಗಸಿ ಅಮೃತಮ್ಮಗ ಶೆಡ್ಡಿಗಿ ಕಳಸ್ತೀನಿ" ಎಂದು ಹೊರಟರು.

ಬದಲಿಸುವುದು ಗುರುಲಿಂಗಯ್ಯನವರಿಗೆ ಚಿಟಿಕೆ ಹೊಡೆದಷ್ಟು ಸಲೀಸು. ಆದರೂ "ಅದು ಆಗಂಗಿಲ್ಲ ಬಿಡ್ರಿ" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಒಬ್ಬ ಹೆಣ್ಣುಮಗಳ ಅನ್ನದ ಪ್ರಶ್ನೆ, ಇವರದೆಂಥ ಹಟ? ಭಾನುವಾರ ಅವರ ಕ್ವಾರ್ಟರ್ಸಿಗೆ ಹೋಗಿ ಹಾಗೆಯೇ ಕೇಳಿದೆ.

ಅವರು ಹೇಳಿದರು: "ಸಂಗಣ್ಣೋರ, ಒತ್ತಿದ ಮ್ಯಾಲ ಮನುಷ್ಯಾಗ ತನ್ನ ತಪ್ಪು ತಿಳೀತದ. ಬೆರಳು ಎತ್ತೂಕಿಂತ ಮೊದಲ ಆ ಚೌಕದಿಂದ ಆಚಿಗಿ ಜಾರಿಸಿದರ ಏನೂ ಆಗಬಾರದು. ಅಷ್ಟು ಜಾಗ ಇಟ್ಟೀನ್ರಿ. ಅದನ್ನ ತೆಗೀ ಅಂದ್ರ ಹ್ಯಾಂಗ?"

ಆಮೇಲೆ ಕೇಳದೆಯೇ ಹೆಂಡತಿ ಗುರುದೇವಿಯ ವಿಷಯ ಹೇಳಿದರು. ಹಿಂದೊಮ್ಮೆ ಭಂಕೂರಿನ ತವರಿನಲ್ಲಿ ತೊಟ್ಟಿಲ ಕಾರ್ಯ. ಇವರು ಯಾವುದೋ ಯಂತ್ರದ ಪುಸ್ತಕದಲ್ಲಿ ಮುಳುಗಿದ್ದಾರೆ. ಹೋಗಲೇ ಎಂದು ಆಕೆ ಮತ್ತೆ ಮತ್ತೆ ಕೇಳಿದಾಗ ತಲೆಯೆತ್ತದೆ, "ಹೋಗಿಬಿಡು" ಎಂದರು. ಧಾರಾಳವಾಗಿ ಹೋಗು ಎಂಬ ಅರ್ಥದಲ್ಲೇ ಅಂದದ್ದು. ಆದರೆ ನಮ್ಮಲ್ಲಿ ಹೊಸ್ತಿಲು ದಾಟುವವರಿಗೆ ಹೋಗಿ ಬಾ ಎನ್ನಬೇಕು. ಪರರಿಗೂ ಬರಿದೆ ಹೋಗು ಎನ್ನುವುದಿಲ್ಲ. ಆಕೆ ಹೊಸ್ತಿಲಲ್ಲಿ ತುಸು ಹೊತ್ತು ನಿಂತಳು. ಆಮೇಲೆ ಹೊರಟಳು, ಮರಳಿ ಬರಲಿಲ್ಲ. ಬಾ ಎನ್ನದ ಮನೆಗೆ ಬರುವುದಿಲ್ಲವೆಂಬ ಆಕೆಯ ಮಾತು ಮುಂದೆ ಯಾರದೋ ಬಾಯಿಂದ ಬಂತು.

"ನಿಂತಿದ್ದಳ್ರಿ. ಗೊತ್ತಾತು ನನಗ. ಬಾ ಅನ್ನಾಕ ಬಾಯಿ ಬರಲಿಲ್ಲ."

"ಈಗ ಹೋಗಿ ಅನ್ರಿ. ಭಂಕೂರೇನು ದೂರ ಅದ? ಒಂದು ಬಸ್ಸಿನ ದಾರಿ."

"ಮೊದಲ ಅಮೃತಮ್ಮಂದು ನೋಡಮು ಬಿಡ್ರಿ" ಎಂದು ಎದ್ದರು.

ಸೋಮವಾರ ಅವರು ಪ್ರೋಗ್ರಾಮಿನ ಒಂದಕ್ಷರವನ್ನೂ ಮುಟ್ಟಲಿಲ್ಲ. ತಮ್ಮ ಮಾತನ್ನು ಬದಲಿಸಿದರು. ಹಣಮಂತರಾಯರ ಎದುರೇ ಅಮೃತಮ್ಮನ ಪಕ್ಕ ಕುಳಿತು, "ಒತ್ರಿ. ಈಗ ಬೆರಳು ಎತ್ರಿ" ಎಂದರು. ರಸೀದಿ ಬಂತು. ಮುಂದಿನ ಲಾರಿಗೆ ಆಕೆ ತಪ್ಪು ಚೌಕ ಒತ್ತಿದಳು, ಗಾಬರಿಯಾದಳು, ಬೆರಳೆತ್ತದೆ ಪಕ್ಕಕ್ಕೆ ಜಾರಿಸಿ ಎತ್ತಿದಳು. ಏನೂ ಆಗಲಿಲ್ಲ. ಹಣಮಂತರಾಯರು ಅದನ್ನು ನೋಡಿ, "ಇದು ಚಲೋನ ಅದ. ಇರಲಿ ಹಂಗಿದ್ರ" ಎಂದರು. ಅಮೃತಮ್ಮನ ಕುರ್ಚಿ ಉಳಿಯಿತು.

ಸಂಜೆ ಆಕೆ ಸೆರಗು ಹೊದ್ದುಕೊಂಡು ಬಾಗಿಲಲ್ಲಿ ನಿಂತು, "ಬರ್ತೀನ್ರಿ ಅಯ್ಯೋರ" ಎಂದಳು.

"ಹೋಗಿ ಬರ್ರಿ ತಾಯಿ" ಎಂದರು ಗುರುಲಿಂಗಯ್ಯನವರು, ಸ್ಪಷ್ಟವಾಗಿ, ತಲೆಯೆತ್ತಿ.

ಆ ಮಾತು ಕೇಳಿ ನಾನು ಇನ್ನೇನು ನಾಳೆಯೇ ಭಂಕೂರಿನ ಬಸ್ಸು ಹತ್ತುತ್ತಾರೆಂದು ನಂಬಿದೆ. ಹತ್ತಲಿಲ್ಲ. ನಾನು ವಾಡಿ ಬಿಡುವತನಕವೂ ಹತ್ತಲಿಲ್ಲ. ಇಂಥವರು ಎಲ್ಲ ಊರಿನಲ್ಲೂ ಇರುತ್ತಾರೆ. ಇನ್ನೊಬ್ಬರು ತಪ್ಪಿದರೂ ಮರಳಲು ಒಂದಿಷ್ಟು ಜಾಗವಿರಲೆಂದು ಹಗಲೆಲ್ಲ ದುಡಿಯುತ್ತಾರೆ, ಅವರ ಈ ಕರುಣೆಯಿಂದಲೇ ನಮ್ಮಂಥವರ ದಿನ ಸಲೀಸಾಗುತ್ತದೆ. ಆ ಜಾಗ ತಮಗೂ ಇದೆಯೆಂದು ಅವರಿಗೆ ಹೇಳಿದವರಿಲ್ಲ, ಹೇಳಿದರೂ ಅವರು ನಂಬುವುದಿಲ್ಲ. ಕಂಡವರಿಗೆಲ್ಲ ಹೋಗಿ ಬನ್ನಿ ಎನ್ನುತ್ತ, ಬಾ ಎನ್ನಬೇಕಾದ ಒಬ್ಬರಿಗೆ ಮಾತ್ರ ಅದನ್ನು ಹೇಳಲಾರದೆ, ಬಾಗಿಲು ತೆರೆದಿಟ್ಟುಕೊಂಡೇ ಮುದುಕರಾಗುತ್ತಾರೆ.