ಮೇಷ್ಟ್ರು ಬಿಟ್ಟ ಸಾಲು

ಬಾಯಿ ಮುಚ್ಚಿಕೊಂಡು ಕೂರುವುದೆಂದರೆ ಕೌನ್ಸೆಲರ್ ಮಿಸ್‌ಗೆ ದೊಡ್ಡ ಶಿಕ್ಷೆ. ಅಂಥವರು ಆ ಬೆಳಿಗ್ಗೆ, ಗಾಳಿ ಹೋದ ಚೆಂಡುಗಳನ್ನೂ ಹರಿದ ನೆಟ್ಟುಗಳನ್ನೂ ತುಂಬಿದ್ದ ತಮ್ಮ ಪುಟ್ಟ ಕೋಣೆಯಲ್ಲಿ ತುಟಿ ಪಿಟಕ್ಕೆನ್ನದೆ ಕೂತಿದ್ದರು. ಎದುರಿಗೆ ಎಂಟನೇ ಕ್ಲಾಸಿನ ಹುಡುಗಿ, ಅವಳ ಪಕ್ಕ ಪ್ರಶ್ನೆಪತ್ರಿಕೆ ಹಿಡಿದ ವಿಜ್ಞಾನದ ಮೇಷ್ಟ್ರು.

ಹುಡುಗಿಗೆ ಓದುವುದು ಕಬ್ಬಿಣದ ಕಡಲೆ. ಅಕ್ಷರಗಳು ಅವಳ ಕಣ್ಣಿಗೆ ನಿಂತಲ್ಲಿ ನಿಲ್ಲವು. ಕಿವಿಗೆ ಬಿದ್ದದ್ದನ್ನು ಮಾತ್ರ ಮರೆಯಳು. ಅಮ್ಮ ಹೊಲಿಗೆ ಮಷೀನು ತುಳಿಯುತ್ತ ಹೇಳಿದ ಗಿರಾಕಿಯ ಅಳತೆಯನ್ನು ವಾರ ಕಳೆದರೂ ಚಾಚೂ ತಪ್ಪದೆ ಒಪ್ಪಿಸುತ್ತಾಳೆ. ಆದರೂ ವಿಜ್ಞಾನದಲ್ಲಿ ನೂರಕ್ಕೆ ಹನ್ನೊಂದು. ಈ ಮರುಪರೀಕ್ಷೆಯೂ ಕೈಕೊಟ್ಟರೆ ಮತ್ತೆ ಎಂಟನೇ ಕ್ಲಾಸು. ಹಾಗಾದರೆ ಸ್ಕೂಲೇ ಬೇಡ ಎಂದು ಹುಡುಗಿ ಹೇಳಿಯಾಗಿತ್ತು, ಹೇಳಿದ್ದನ್ನು ಮಾಡುವವಳೇ ಅವಳು.

ಮಿಸ್ ಮೂರು ತಿಂಗಳು ಹೆಡ್‌ಮಿಸ್ ಬೆನ್ನು ಬಿದ್ದು, ಪ್ರಶ್ನೆ ಓದಿ ಹೇಳಲು, ಉತ್ತರವನ್ನು ಬಾಯಲ್ಲಿ ಪಡೆಯಲು ಒಪ್ಪಿಗೆ ತಂದಿದ್ದರು. ಇದ್ದದ್ದನ್ನು ಇದ್ದಂತೆ ಓದಬೇಕು, ಬಿಡಿಸಿ ಹೇಳುವಂತಿಲ್ಲ. ಮಿಸ್ ಒಂದು ಮಾತಾಡಿದರೂ ಪರೀಕ್ಷೆ ರದ್ದು. ಇದೆಲ್ಲ ಸೋಮಾರಿತನಕ್ಕಿಟ್ಟ ಹೊಸ ಹೆಸರು ಎಂದು ಮೇಷ್ಟ್ರು ಮೂಗು ಮುರಿದೇ ಬಂದಿದ್ದರು.

ಪ್ರಶ್ನೆಪತ್ರಿಕೆ ಅವರದೇ. ಕಣ್ಣು ಮುಚ್ಚಿಯೂ ಓದಬಲ್ಲೆನೆಂಬ ಗತ್ತು. ಒಂದು ಮನೆಯಲ್ಲಿ ಅರವತ್ತು ವಾಟ್‌ನ ನಾಲ್ಕು ಬಲ್ಬುಗಳಿವೆ, ಮೂವತ್ತು ದಿನಕ್ಕೆ ಎಷ್ಟು ಯೂನಿಟ್ ಕರೆಂಟು ಎಂದು ಒಂದೇ ಉಸಿರಿಗೆ ಓದಿ ಮುಗಿಸಿದರು.

ಹುಡುಗಿ ಇನ್ನೊಮ್ಮೆ ಓದಿ ಎಂದಳು. ಅವರು ಅದನ್ನೇ ಓದಿದರು. ಮಿಸ್‌ಗೆ ಜೀವವೇ ಬಾಯಿಗೆ ಬಂತು.

"ಗೊತ್ತಿಲ್ಲ ಅಂತ ಬರ್ಕೊಳ್ಲಾ?" ಎಂದರು ಮೇಷ್ಟ್ರು.

"ಗೊತ್ತು ಸರ್. ಆದ್ರೆ ದಿನಕ್ಕೆ ಎಷ್ಟು ಗಂಟೆ ಉರಿಯುತ್ತೆ ಅಂತ ನೀವು ಓದ್ಲಿಲ್ಲ. ಅದಿಲ್ದೆ ಉತ್ತರ ಬರಲ್ಲ."

ನೆಪ ಹೇಳಬೇಡ ಎನ್ನಲು ಬಾಯಿ ತೆರೆದ ಮೇಷ್ಟ್ರು ಹಾಳೆ ನೋಡಿದರು. ನಡುವೆ ಒಂದು ಸಾಲು ಇತ್ತು: ದಿನಕ್ಕೆ ಐದು ಗಂಟೆ. ಎರಡು ಸಲವೂ ಹಾರಿಸಿದ್ದರು. ಅವರ ಮುಖ ಇಂಗು ತಿಂದ ಮಂಗನಂತಾಯಿತು. ಮಿಸ್‌ಗೆ ಒಳಗೊಳಗೇ ಹಿಗ್ಗೋ ಹಿಗ್ಗು.

ಮೇಷ್ಟ್ರು ಆ ಸಾಲು ಓದಿದ್ದೇ ತಡ, "ಮೂವತ್ತಾರು ಯೂನಿಟ್," ಎಂದಳು ಹುಡುಗಿ.

ಅಲ್ಲಿಂದ ಮೇಷ್ಟ್ರು ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ಕೊನೆಗೆ ಬಂದದ್ದು ಎಪ್ಪತ್ತೆಂಟು. ಒಂದು ಅಂಕವೂ ದಾನವಲ್ಲ. ಹೆಡ್‌ಮಿಸ್ ಎರಡು ಸಲ ಕೂಡಿ ನೋಡಿ ಒಂಬತ್ತನೇ ಕ್ಲಾಸಿಗೆ ಸಹಿ ಹಾಕಿದರು. ಹೊರಗೆ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕಾದಿದ್ದ ಅಮ್ಮ ಮಗಳನ್ನು ತಬ್ಬಿಕೊಂಡು, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಮೇಷ್ಟ್ರು ಮಾತ್ರ ಕೋಣೆಯ ಬಾಗಿಲಲ್ಲೇ ನಿಂತಿದ್ದರು.

"ಮಿಸ್, ಹೋದ ವರ್ಷ ಇವಳಂಥ ಇನ್ನಿಬ್ಬರನ್ನ ನಾನೇ ಫೇಲ್ ಮಾಡಿದೀನಿ. ನಾಳೆ ಕರ್ಕೊಂಡು ಬರ್ಲಾ?"